ಕೋಡಿನಿಂದ ಡಿಸೈನ್ ಡಯಾಗ್ರಾಮ್ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳ್ಳಂದೂರಿನ ಹತ್ತಿರ ಔಟರ್ ರಿಂಗ್ ರೋಡಿನ ಒಂದು ಆಫೀಸಿನಲ್ಲಿ ನನ್ನ ಕೆಲಸ. ಹೊಸಬರು ಸೇರಿದಾಗ ಕೆಟಿ ಕೊಡುವ, ಅಂದರೆ ಕೋಡಿನ ಪರಿಚಯ ಮಾಡಿಸುವ ಜವಾಬ್ದಾರಿ ಹೇಗೋ ನನ್ನ ತಲೆಗೇ ಬಂದು ಕೂತಿದೆ. ಹತ್ತು ವರ್ಷ ಹಳೆಯ ಜಾವಾ ಕೋಡು, ಅದರ ಪಕ್ಕದಲ್ಲಿ ಒಂದಿಷ್ಟು ಪೈಥಾನ್, ಮೇಲೆ ಜಾವಾಸ್ಕ್ರಿಪ್ಟ್. ಬರೆದವರಲ್ಲಿ ಒಬ್ಬರೂ ಈಗ ಇಲ್ಲ. ಹೊಸಬರು ಮೊದಲ ದಿನ ಕೇಳುವುದು ಒಂದೇ: "ಸರ್, ಡಿಸೈನ್ ಡಯಾಗ್ರಾಮ್ ಇದೆಯಾ?" ಇಲ್ಲಪ್ಪ. "ಕೋಡಿನಿಂದಲೇ ತೆಗೆಯೋ ಟೂಲ್ ಇರುತ್ತಲ್ವಾ?" ಇರುತ್ತೆ. ಅಲ್ಲಿಂದ ಮುಂದೆ ಶುರುವಾಗುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಇನ್ನು ಮೇಲೆ ಲಿಂಕ್ ಕಳಿಸಿ ನಾನು ಕಾಫಿಗೆ ಹೋಗಬಹುದು.

ಈ ಟೂಲ್‌ಗಳು ನಿಜವಾಗಿ ಏನು ಮಾಡುತ್ತವೆ?

ಕೋಡನ್ನು ಓದಿ ಒಂದು ಪಟ್ಟಿ ಮಾಡುತ್ತವೆ. ಯಾವ ಕ್ಲಾಸ್ ಯಾವುದನ್ನು ಬಳಸುತ್ತದೆ, ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ, ಯಾವ ಫೈಲ್ ಯಾವುದನ್ನು ಇಂಪೋರ್ಟ್ ಮಾಡುತ್ತದೆ ಅಂತ. ಆಮೇಲೆ ಆ ಪಟ್ಟಿಯನ್ನು ಬಾಕ್ಸು, ಬಾಣ ಮಾಡಿ ಕೊಡುತ್ತವೆ. ಅಷ್ಟೇ. ಹೆಚ್ಚಿನವು ಬಳಸುವ ಬಾಕ್ಸು ಬಾಣಗಳ ಭಾಷೆ ಯುಎಂಎಲ್. ಗ್ರೇಡಿ ಬೂಚ್, ಐವಾರ್ ಜೇಕಬ್ಸನ್, ಜೇಮ್ಸ್ ರಂಬಾ ಮೂವರೂ ತಮ್ಮ ತಮ್ಮ ಪದ್ಧತಿಗಳನ್ನು ಸೇರಿಸಿ ಮಾಡಿದ್ದು. 1997ರಲ್ಲಿ ಒಎಂಜಿ ಸಂಸ್ಥೆ ಅದನ್ನು ಸ್ಟ್ಯಾಂಡರ್ಡ್ ಅಂತ ಒಪ್ಪಿಕೊಂಡಿತು. ಪರೀಕ್ಷೆಯ ಹಿಂದಿನ ರಾತ್ರಿ ಓದಿ, ಬೆಳಿಗ್ಗೆ ಬರೆದು, ಮಧ್ಯಾಹ್ನ ಮರೆತಿದ್ದೀರಲ್ಲ, ಅದೇ.

ಒಂದು ಕಮಾಂಡ್ ಕೊಟ್ಟರೆ ಪೂರ್ತಿ ಡಿಸೈನ್ ಬಂದುಬಿಡುತ್ತಾ?

ಬರಲ್ಲ. ಕೋಡಿನಲ್ಲಿ ಏನಿದೆಯೋ ಅದು ಬರುತ್ತದೆ. ಯಾಕೆ ಹಾಗಿದೆ ಅನ್ನುವುದು ಬರೆದವರ ತಲೆಯಲ್ಲಿತ್ತು, ಅವರು ಕೆಲಸ ಬಿಟ್ಟು ಹೋಗುವಾಗ ಅದನ್ನೂ ತಗೊಂಡು ಹೋದರು.

ನಮ್ಮ ಮೆಟ್ರೋ ನಕ್ಷೆ ನೋಡಿ. ನೇರಳೆ ಗೆರೆ, ಹಸಿರು ಗೆರೆ, ಮೆಜೆಸ್ಟಿಕ್‌ನಲ್ಲಿ ಎರಡೂ ಸೇರುತ್ತವೆ. ಅದರಲ್ಲಿ ರಸ್ತೆ ಇಲ್ಲ, ಸಿಗ್ನಲ್ ಇಲ್ಲ, ಚಿಕ್ಕಪೇಟೆಯ ಗಲ್ಲಿಗಳಿಲ್ಲ. ಅವನ್ನೆಲ್ಲ ಬಿಟ್ಟಿದ್ದಕ್ಕೇ ಅದು ಓದಲು ಬರುತ್ತದೆ. ಏನು ಬಿಡಬೇಕು ಅಂತ ಯಾರೋ ಕೂತು ಯೋಚನೆ ಮಾಡಿದ್ದಾರೆ. ಟೂಲ್‌ಗೆ ಆ ಯೋಚನೆ ಬರಲ್ಲ, ಅದು ಊರಿನ ಪ್ರತಿ ಗಲ್ಲಿಯನ್ನೂ ಒಂದೇ ದಪ್ಪದ ಗೆರೆಯಲ್ಲಿ ಎಳೆದು ಕೈಗೆ ಕೊಡುತ್ತದೆ. ಬಿಡುವ ಕೆಲಸ ನಮ್ಮದು. ಈ ಪುಟದಲ್ಲಿ ಮುಂದೆ ಹೇಳುವುದರಲ್ಲಿ ಅರ್ಧ ಅದೇ.

ನನ್ನ ಭಾಷೆಗೆ ಯಾವ ಟೂಲ್?

ಇದಕ್ಕೆ ಒಂದೇ ಉತ್ತರ ಇಲ್ಲ. ನಾನು ಕೈಯಾರೆ ಬಳಸಿದ್ದು, ಪಕ್ಕದ ಟೀಮಿನವರು ಬಳಸುವುದನ್ನು ನೋಡಿದ್ದು ಇಷ್ಟು.

ಪೈಥಾನ್ ಆದರೆ ಪೈರಿವರ್ಸ್. ಬೇರೆ ಹಾಕಿಕೊಳ್ಳುವ ಅಗತ್ಯವೇ ಇಲ್ಲ, ಪೈಲಿಂಟ್ ಜೊತೆಗೇ ಬರುತ್ತದೆ. ಸುಮ್ನೆ ಪ್ಯಾಕೇಜ್ ಹೆಸರು ಕೊಟ್ಟರೆ ಎರಡು ಚಿತ್ರ: ಒಂದು ಕ್ಲಾಸ್‌ಗಳದು, ಇನ್ನೊಂದು ಪ್ಯಾಕೇಜ್‌ಗಳದು. ಕ್ಲಾಸ್‌ಗಳ ಚಿತ್ರ ನೋಡಿ ಗಾಬರಿ ಆದರೆ ಪ್ಯಾಕೇಜ್ ಚಿತ್ರದಿಂದ ಶುರು ಮಾಡಿ. ಒಂದೇ ಕ್ಲಾಸ್ ಹೆಸರು ಕೊಟ್ಟು ಅದರ ಸುತ್ತಮುತ್ತ ಮಾತ್ರ ತೋರಿಸು ಅಂತಲೂ ಹೇಳಬಹುದು, ನಾನು ಜಾಸ್ತಿ ಬಳಸುವುದು ಅದನ್ನೇ. ಮಾಡ್ಯೂಲ್‌ಗಳ ಇಂಪೋರ್ಟ್ ಮಾತ್ರ ಸಾಕು ಅಂದರೆ ಪೈಡೆಪ್ಸ್ ಇದೆ. ಜ್ಯಾಂಗೋ ಪ್ರಾಜೆಕ್ಟ್ ಆಗಿದ್ದರೆ ಜ್ಯಾಂಗೋ ಎಕ್ಸ್‌ಟೆನ್ಷನ್ಸ್‌ನಲ್ಲಿ ಗ್ರಾಫ್ ಮಾಡೆಲ್ಸ್ ಅನ್ನುವ ಕಮಾಂಡ್ ಇದೆ, ಮಾಡೆಲ್‌ಗಳ ಚಿತ್ರ ಚೆನ್ನಾಗಿ ಬರುತ್ತದೆ.

ಜಾವಾ ಆದರೆ ಜೆಡೆಪ್ಸ್. ಜೆಡಿಕೆ 8ರಿಂದ ಜಾವಾ ಜೊತೆಗೇ ಇದೆ, ಆದರೂ ಎಷ್ಟೋ ವರ್ಷ ಜಾವಾ ಬರೆದವರು ಇದನ್ನು ಒಮ್ಮೆಯೂ ಓಡಿಸಿರುವುದಿಲ್ಲ. ಇದು ಓದುವುದು ಸೋರ್ಸ್ ಅಲ್ಲ, ಕಂಪೈಲ್ ಆದ ಕ್ಲಾಸ್ ಫೈಲು. ಹಾಗಾಗಿ ಸೋರ್ಸ್ ಕಳೆದುಹೋಗಿರುವ ಹಳೇ ಜಾರ್ ಫೈಲಿಗೂ ನಡೆಯುತ್ತದೆ. ಇಂಟೆಲಿಜೆ ಐಡಿಯಾದಲ್ಲಿ ಕ್ಲಾಸ್ ಡಯಾಗ್ರಾಮ್ ಸೌಲಭ್ಯ ಹಣ ಕೊಟ್ಟು ತಗೊಳ್ಳುವ ಅಲ್ಟಿಮೇಟ್‌ನಲ್ಲಿದೆ.

ಜಾವಾಸ್ಕ್ರಿಪ್ಟ್, ಟೈಪ್‌ಸ್ಕ್ರಿಪ್ಟ್‌ಗೆ ಮ್ಯಾಜ್ ಅಥವಾ ಡಿಪೆಂಡೆನ್ಸಿ ಕ್ರೂಸರ್. ಸಿ ಪ್ಲಸ್ ಪ್ಲಸ್‌ಗೆ ಡಾಕ್ಸಿಜನ್, ಇಲ್ಲವೇ ಕ್ಲ್ಯಾಂಗ್ ಯುಎಂಎಲ್. ಗೋ ಭಾಷೆಗೆ ಗೋ ಕಾಲ್‌ವಿಸ್. ಸಿ ಶಾರ್ಪ್‌ನವರಿಗೆ ವಿಷುವಲ್ ಸ್ಟುಡಿಯೋದಲ್ಲೇ ಕ್ಲಾಸ್ ಡಿಸೈನರ್ ಇದೆ. ಕೋಡ್ ಮ್ಯಾಪ್ ಹೊಸದಾಗಿ ಮಾಡಬೇಕೆಂದರೆ ಮಾತ್ರ ಎಂಟರ್‌ಪ್ರೈಸ್ ಲೈಸೆನ್ಸ್ ಬೇಕು.

ಡಾಕ್ಸಿಜನ್ ಅಂದರೆ ಡಾಕ್ಯುಮೆಂಟ್ ಮಾಡುವ ಟೂಲ್ ಅಲ್ವಾ?

ಹೌದು, ಆದರೆ ಹಳೇ ಸಿ, ಸಿ ಪ್ಲಸ್ ಪ್ಲಸ್ ಕೋಡು ಕೈಗೆ ಬಂದರೆ ನಾನು ಮೊದಲು ಓಡಿಸುವುದು ಇದನ್ನೇ. ಡಿಮಿಟ್ರಿ ವ್ಯಾನ್ ಹೀಶ್ ಅನ್ನುವವರು ಬರೆದಿದ್ದು, 1997ರಿಂದ ಇದೆ. ಕೋಡಿನಲ್ಲಿ ಒಂದು ಕಾಮೆಂಟೂ ಇಲ್ಲದಿದ್ದರೂ ಪರವಾಗಿಲ್ಲ, ಸೆಟ್ಟಿಂಗ್ ಫೈಲಿನಲ್ಲಿ ಎಕ್ಸ್‌ಟ್ರಾಕ್ಟ್ ಆಲ್ ಅನ್ನುವುದನ್ನು ಆನ್ ಮಾಡಿ. ಹ್ಯಾವ್ ಡಾಟ್ ಕೂಡ ಆನ್ ಮಾಡಿ. ಇದು ಆನ್ ಇಲ್ಲದಿದ್ದರೆ ಬಡಪಾಯಿ ಇನ್‌ಹೆರಿಟೆನ್ಸ್ ಚಿತ್ರ ಒಂದು ಬಿಟ್ಟು ಬೇರೇನೂ ಬರಲ್ಲ, ಜನ "ಡಾಕ್ಸಿಜನ್‌ನಲ್ಲಿ ಚಿತ್ರವೇ ಬರಲಿಲ್ಲ" ಅಂತ ನನ್ನ ಹತ್ತಿರ ಬರುತ್ತಾರೆ. ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಅನ್ನುವ ಕಾಲ್ ಗ್ರಾಫ್ ಬೇಕಾದರೆ ಅದನ್ನು ಬೇರೆಯಾಗಿ ಆನ್ ಮಾಡಬೇಕು. ದೊಡ್ಡ ಪ್ರಾಜೆಕ್ಟ್ ಆದರೆ ಓಡಿಸಿ ಊಟಕ್ಕೆ ಹೋಗಿ ಬನ್ನಿ.

ಒಂದು ಚಿತ್ರದಲ್ಲಿ 50 ಬಾಕ್ಸ್‌ಗಿಂತ ಜಾಸ್ತಿ ಆದರೆ ಅದು ತಾನೇ ಕತ್ತರಿಸಿಬಿಡುತ್ತದೆ, ಕತ್ತರಿಸಿದ ಜಾಗದ ಬಾಕ್ಸನ್ನು ಕೆಂಪು ಮಾಡಿ ತೋರಿಸುತ್ತದೆ. ಕೆಂಪು ನೋಡಿ ಬಗ್ ಅಂತ ಹೆದರಬೇಡಿ. ಈ 50 ಅನ್ನುವ ಮಿತಿಯನ್ನು ಬದಲಿಸಬಹುದು. ಬದಲಿಸಬೇಡಿ.

ಗ್ರಾಫ್‌ವಿಜ್ ಇಲ್ಲ ಅಂತ ಎಲ್ಲ ಟೂಲೂ ಬೈಯುತ್ತದಲ್ಲ, ಯಾಕೆ?

ಬಾಕ್ಸ್ ಎಲ್ಲಿ ಇಡಬೇಕು, ಗೆರೆ ಹೇಗೆ ಎಳೆಯಬೇಕು ಅನ್ನುವುದು ಕಷ್ಟದ ಲೆಕ್ಕ. ಗೆರೆಗಳು ಒಂದನ್ನೊಂದು ದಾಟುವುದನ್ನು ಆದಷ್ಟು ಕಡಿಮೆ ಮಾಡುವ ಜೋಡಣೆ ಹುಡುಕುವುದು ಕಂಪ್ಯೂಟರಿಗೂ ಸುಲಭವಲ್ಲ, ಅದಕ್ಕೆ ಅಂದಾಜಿನ ದಾರಿ ಹಿಡಿಯುತ್ತಾರೆ. ಅಮೆರಿಕದ ಎಟಿ ಆಂಡ್ ಟಿ ಲ್ಯಾಬಿನವರು 1991ರಿಂದ ಕೂತು ಈ ಲೆಕ್ಕ ಮಾಡಿಕೊಡುವ ಗ್ರಾಫ್‌ವಿಜ್ ಬರೆದಿದ್ದಾರೆ, ಆಮೇಲೆ ಬಂದವರೆಲ್ಲ ಅದನ್ನೇ ಕರೆಯುತ್ತಾರೆ. ಡಾಕ್ಸಿಜನ್, ಪೈರಿವರ್ಸ್, ಮ್ಯಾಜ್ ಎಲ್ಲವೂ ಕೊನೆಗೆ ಕೈ ಚಾಚುವುದು ಗ್ರಾಫ್‌ವಿಜ್ ಕಡೆಗೇ. ಮೊದಲು ಅದನ್ನು ಹಾಕಿಕೊಳ್ಳಿ, ಪಾತ್ ಸರಿ ಮಾಡಿಕೊಳ್ಳಿ, ಬೈಗುಳ ನಿಲ್ಲುತ್ತದೆ.

ಚಿತ್ರ ಬಂತು, ಆದರೆ ಶಾವಿಗೆ ಚೆಲ್ಲಿದ ಹಾಗಿದೆ. ಏನು ಮಾಡಲಿ?

ಎಲ್ಲರಿಗೂ ಆಗುತ್ತದೆ. ನನಗೂ ಆಗಿದೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನಾವು ಮೂವರು ಉತ್ಸಾಹದಲ್ಲಿ ಇಡೀ ಪ್ರಾಜೆಕ್ಟಿನ ಕ್ಲಾಸ್ ಡಯಾಗ್ರಾಮ್ ತೆಗೆದು, ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗಳಲ್ಲಿ ಪ್ರಿಂಟ್ ಹಾಕಿಸಿ, ಟೇಪ್ ಹಚ್ಚಿ ಗೋಡೆ ತುಂಬ ಅಂಟಿಸಿದೆವು. ಬಂದವರೆಲ್ಲ "ಸೂಪರ್" ಅಂದರು. ಯಾರೂ ಓದಲಿಲ್ಲ. ಎರಡು ತಿಂಗಳಾದ ಮೇಲೆ ಆಯುಧ ಪೂಜೆಗೆ ಬಣ್ಣದ ಪೇಪರ್ ಕಟ್ಟುವಾಗ ಹೌಸ್‌ಕೀಪಿಂಗ್‌ನವರು ತೆಗೆದು ಹಾಕಿದರು, ಅದು ಹೋಗಿದೆ ಅಂತ ನಮಗೆ ಗೊತ್ತಾಗಿದ್ದು ಇನ್ನೂ ಒಂದು ವಾರ ಬಿಟ್ಟು.

ಈಗ ನಾನು ಮಾಡುವುದು ಹೀಗೆ. ಟೂಲ್ ಓಡಿಸುವ ಮೊದಲು ಒಂದು ಪ್ರಶ್ನೆ ಪೇಪರಿನ ಮೇಲೆ ಬರೆದುಕೊಳ್ಳುತ್ತೇನೆ. "ರೀಫಂಡ್ ಕೋಡು ಬದಲಿಸಿದರೆ ಯಾವ ಯಾವ ಕಡೆ ಏಟು ಬೀಳುತ್ತದೆ?" ಈ ತರದ್ದು. "ಸಿಸ್ಟಂ ಹೇಗಿದೆ?" ಅನ್ನುವುದು ಪ್ರಶ್ನೆಯಲ್ಲ. ಪ್ರಶ್ನೆ ಸಿಕ್ಕಿದರೆ ಎಲ್ಲಿಂದ ಶುರು ಮಾಡಬೇಕು, ಎಷ್ಟು ಆಳ ಹೋಗಬೇಕು ಎರಡೂ ಗೊತ್ತಾಗುತ್ತದೆ. ಒಂದು ಕ್ಲಾಸಿನಿಂದ ಎರಡು ಹೆಜ್ಜೆ, ಅದಕ್ಕಿಂತ ಆಚೆ ಬೇಡ. ಟೆಸ್ಟ್ ಫೋಲ್ಡರ್ ತೆಗೆಯಿರಿ. ಹೊರಗಿನ ಲೈಬ್ರರಿ ತೆಗೆಯಿರಿ. ಲಾಗರ್ ಕ್ಲಾಸನ್ನಂತೂ ಮೊದಲೇ ತೆಗೆಯಿರಿ, ಎಲ್ಲರೂ ಅದನ್ನು ಕರೆಯುತ್ತಾರೆ, ಸಿಲ್ಕ್ ಬೋರ್ಡ್ ಸಿಗ್ನಲ್ ತರ ಎಲ್ಲ ಬಾಣವೂ ಅಲ್ಲೇ ಬಂದು ನಿಲ್ಲುತ್ತದೆ, ಅದರಿಂದ ತಿಳಿಯುವುದು ಏನೂ ಇಲ್ಲ. ಕ್ಲಾಸಿನ ಒಳಗಿನ ಫೀಲ್ಡು, ಮೆಥಡ್‌ಗಳ ಹೆಸರು ಮುಚ್ಚಿ, ಬರೀ ಕ್ಲಾಸ್ ಹೆಸರು ಇಡಿ. ಹದಿನೈದು ಬಾಕ್ಸ್ ಒಳಗೆ ಬಂತಾ? ಈಗ ನೋಡಲು ಕೂರಬಹುದು.

ಇನ್ನೊಂದು ಮಾತು. ಎಷ್ಟು ಕತ್ತರಿಸಿದರೂ ಶಾವಿಗೆಯೇ ಬರುತ್ತಿದ್ದರೆ ತಪ್ಪು ಟೂಲ್‌ದಲ್ಲ. ಕೋಡೇ ಹಾಗಿದೆ.

ಚಿತ್ರ ಸುಳ್ಳು ಹೇಳುತ್ತಾ?

ಸುಳ್ಳು ಹೇಳಲ್ಲ, ಆದರೆ ಕೆಲವು ವಿಷಯ ಅದಕ್ಕೆ ಕಾಣಿಸುವುದೇ ಇಲ್ಲ. ನನಗೆ ಇದು ಗೊತ್ತಾಗಿದ್ದು ಒಂದು ಶುಕ್ರವಾರ ಸಂಜೆ. ಡಯಾಗ್ರಾಮ್‌ನಲ್ಲಿ ಒಂದು ಕ್ಲಾಸ್ ಒಂಟಿಯಾಗಿ ನಿಂತಿತ್ತು, ಅದರ ಕಡೆ ಒಂದು ಬಾಣವೂ ಬರುತ್ತಿರಲಿಲ್ಲ. ಯಾರೂ ಬಳಸುತ್ತಿಲ್ಲ ಅಂತ ಅಳಿಸಿದೆ. ಟೆಸ್ಟ್ ಎಲ್ಲ ಪಾಸ್. ಶನಿವಾರ ಬೆಳಿಗ್ಗೆ ಗ್ರಾಹಕರಿಗೆ ಎಸ್‌ಎಂಎಸ್ ಹೋಗುವುದು ನಿಂತಿತ್ತು. ಆ ಕ್ಲಾಸಿನ ಹೆಸರು ಒಂದು ಕಾನ್ಫಿಗ್ ಫೈಲಿನಲ್ಲಿ ಬರೀ ಅಕ್ಷರವಾಗಿ ಕೂತಿತ್ತು, ಪ್ರೋಗ್ರಾಂ ಓಡುವಾಗ ಆ ಹೆಸರು ಓದಿ ರಿಫ್ಲೆಕ್ಷನ್ ಮೂಲಕ ಕ್ಲಾಸನ್ನು ಎಬ್ಬಿಸುತ್ತಿತ್ತು. ಕೋಡನ್ನು ಮಾತ್ರ ಓದುವ ಟೂಲ್‌ಗೆ ಇದು ಹೇಗೆ ಗೊತ್ತಾಗಬೇಕು ಹೇಳಿ.

ಸ್ಪ್ರಿಂಗ್ ಅನ್ನುವ ಜಾವಾ ಫ್ರೇಮ್‌ವರ್ಕ್ ಬಳಸುವ ಕೋಡಿನಲ್ಲೂ ಇದೇ ಕಥೆ. ಬಾಣ ಇಂಟರ್‌ಫೇಸ್‌ವರೆಗೆ ಬಂದು ನಿಲ್ಲುತ್ತದೆ. ಅದರ ಹಿಂದೆ ಮೂರು ಕ್ಲಾಸ್ ಇದ್ದರೆ ನಿಜವಾಗಿ ಕೆಲಸ ಮಾಡುವುದು ಯಾವುದು ಅಂತ ಪ್ರೋಗ್ರಾಂ ಶುರುವಾಗುವಾಗ ತೀರ್ಮಾನ ಆಗುತ್ತದೆ. ಕಾಫ್ಕಾ ತರದ ಕ್ಯೂ ಮೂಲಕ ಮಾತಾಡುವ ಎರಡು ಸರ್ವಿಸ್‌ಗಳ ನಡುವೆ ಚಿತ್ರದಲ್ಲಿ ಗೆರೆಯೇ ಇರುವುದಿಲ್ಲ, ಒಂದು ಹಾಕುತ್ತದೆ, ಇನ್ನೊಂದು ತೆಗೆಯುತ್ತದೆ, ಕೋಡಿನ ಪ್ರಕಾರ ಇಬ್ಬರಿಗೂ ಪರಿಚಯವೇ ಇಲ್ಲ. ಪೈಥಾನ್‌ನಲ್ಲಿ ಟೈಪ್ ಹಿಂಟ್ ಬರೆಯದಿದ್ದರೆ ಪೈರಿವರ್ಸ್ ಊಹೆ ಮಾಡುತ್ತದೆ, ಸಿಕ್ಕಷ್ಟು ಸಿಕ್ಕಿತು. ಬಾಣ ಇದ್ದರೆ ಸಂಬಂಧ ಇದೆ ಅನ್ನಿ. ಬಾಣ ಇಲ್ಲದಿದ್ದರೆ ಸಂಬಂಧ ಇಲ್ಲ ಅನ್ನಬೇಡಿ, ಮೊದಲು ಇಡೀ ರೆಪೊದಲ್ಲಿ ಆ ಹೆಸರನ್ನು ಒಮ್ಮೆ ಗ್ರೆಪ್ ಮಾಡಿ ಹುಡುಕಿ.

ಕಪ್ಪು ವಜ್ರ, ಬಿಳಿ ವಜ್ರ ಸರಿಯಾಗಿ ಬರುತ್ತಾ?

ನಂಬಬೇಡಿ. ಗೆರೆಯ ತುದಿಯ ಈ ವಜ್ರ ಒಂದು ಇನ್ನೊಂದರ ಭಾಗ ಅಂತ ಹೇಳುತ್ತದೆ: ಕಪ್ಪಾದರೆ ದೊಡ್ಡದರ ಜೊತೆ ಭಾಗವೂ ಸಾಯುತ್ತದೆ, ಬಿಳಿಯಾದರೆ ಭಾಗ ಬೇರೆಯಾಗಿಯೂ ಬದುಕುತ್ತದೆ. ನಮ್ಮ ದರ್ಶಿನಿಯ ಲೆಕ್ಕ ತಗೊಳ್ಳಿ. ಬಿಲ್ ಒಳಗೆ ಟೋಕನ್‌ಗಳಿವೆ. ಬಿಲ್ ರದ್ದಾದರೆ ಟೋಕನ್‌ಗೂ ಬೆಲೆ ಇಲ್ಲ, ಅದು ಕಪ್ಪು ವಜ್ರ. ಟೋಕನ್ ಕಾಫಿ ಕೌಂಟರ್ ಅನ್ನು ತೋರಿಸುತ್ತದೆ, ಟೋಕನ್ ಹರಿದು ಹಾಕಿದರೂ ಕೌಂಟರ್ ಅಲ್ಲೇ ಇರುತ್ತದೆ, ಅದು ಬರೀ ಗೆರೆ. ಜಾವಾ ಕೋಡಿನಲ್ಲಿ ಎರಡೂ ಒಂದೊಂದು ಫೀಲ್ಡು, ನೋಡಲು ಒಂದೇ ತರ. ಯಾರು ಯಾರ ಜೊತೆ ಸಾಯುತ್ತಾರೆ ಅಂತ ಟೂಲ್ ಅಂದಾಜು ಮಾಡಬೇಕು. ಕೆಲವು ಟೂಲ್‌ಗಳು ಇನ್ನೂ ಪೆದ್ದಾಗಿ, ಬಿಲ್‌ನಿಂದ ಟೋಕನ್‌ಗೆ ಗೆರೆ ಎಳೆಯುವ ಬದಲು ನಡುವಿನ ಲಿಸ್ಟ್ ಕ್ಲಾಸಿಗೆ ಎಳೆದು ಕೂರುತ್ತವೆ. ಕಾಲೇಜು ರಿಪೋರ್ಟಿಗೆ ಹಾಕುವವರು ವಜ್ರಗಳನ್ನು ಕೈಯಲ್ಲೇ ತಿದ್ದಿಕೊಳ್ಳಿ. ವೈವಾದಲ್ಲಿ ಕೇಳುವುದು ಅದನ್ನೇ.

ಸೀಕ್ವೆನ್ಸ್ ಡಯಾಗ್ರಾಮ್ ಬರುತ್ತಾ?

ಯಾರು ಯಾರನ್ನು ಯಾವ ಕ್ರಮದಲ್ಲಿ ಕರೆಯುತ್ತಾರೆ ಅನ್ನುವ ಈ ಚಿತ್ರವನ್ನು ಕೋಡು ಓದಿ ಮಾಡುವ ಪ್ಲಗಿನ್‌ಗಳಿವೆ. ಆದರೆ ಅವು ಇಫ್ ಕಡೆಗೂ ಎಲ್ಸ್ ಕಡೆಗೂ ಹೋಗುತ್ತವೆ, ಚಿತ್ರ ಮಾರುದ್ದ ಆಗುತ್ತದೆ. ಅದರ ಬದಲು ಪ್ರೋಗ್ರಾಂ ಓಡಿಸಿ, ಓಡುವಾಗ ಏನು ನಡೆಯಿತೋ ಅದನ್ನು ರೆಕಾರ್ಡ್ ಮಾಡುವುದು ಒಳ್ಳೆಯದು. ಆಪ್‌ಮ್ಯಾಪ್ ಹೀಗೆ ಮಾಡುತ್ತದೆ: ಒಂದು ಟೆಸ್ಟ್ ಓಡಿಸಿದರೆ ಆ ಟೆಸ್ಟಿನ ದಾರಿ ಮಾತ್ರ ಸೀಕ್ವೆನ್ಸ್ ಆಗಿ ಬರುತ್ತದೆ. ಕ್ಯಾಷಿಯರ್ ದುಡ್ಡು ತಗೊಂಡ, ಟೋಕನ್ ಕೊಟ್ಟ, ಕೌಂಟರಿನವನು "ಎರಡು ಖಾಲಿ" ಅಂತ ಕೂಗಿದ, ದೋಸೆ ಬಂತು. ಬೇರೆ ಬೇರೆ ಸರ್ವಿಸ್‌ಗಳ ನಡುವಿನ ಓಟ ಬೇಕಾದರೆ ಅದನ್ನು ರೆಕಾರ್ಡ್ ಮಾಡುವ ಓಪನ್ ಟೆಲಿಮೆಟ್ರಿ ಹಾಕಿ, ಚಿತ್ರವಾಗಿ ತೋರಿಸುವ ಯೇಗರ್‌ನಲ್ಲಿ ನೋಡಿ. ಅದು ಯುಎಂಎಲ್ ಅಲ್ಲ, ಆದರೆ ಹೊಸಬರಿಗೆ ಅದರಷ್ಟು ಬೇಗ ಅರ್ಥವಾಗುವುದು ಬೇರೆ ಇಲ್ಲ. ಒಂದು ಕೊರತೆ: ಓಡಿಸದ ದಾರಿ ಇದರಲ್ಲಿ ಕಾಣಿಸುವುದಿಲ್ಲ. ದೋಸೆ ಹಿಟ್ಟು ಮುಗಿದಾಗ ಏನಾಗುತ್ತದೆ ಅಂತ ತಿಳಿಯಬೇಕಾದರೆ ಹಿಟ್ಟು ಮುಗಿದ ಟೆಸ್ಟೂ ಬರೆಯಬೇಕು.

ಡೇಟಾಬೇಸ್‌ಗೆ?

ಇದು ಎಲ್ಲಕ್ಕಿಂತ ಸುಲಭ, ಮತ್ತು ಎಲ್ಲಕ್ಕಿಂತ ಉಪಯೋಗ. ಡಿಬೀವರ್‌ನಲ್ಲಿ ಸ್ಕೀಮಾ ತೆರೆದರೆ ಇಆರ್ ಡಯಾಗ್ರಾಮ್, ಅಂದರೆ ಟೇಬಲ್‌ಗಳ ಸಂಬಂಧದ ಚಿತ್ರ, ಪಕ್ಕದಲ್ಲೇ ಇದೆ. ಸ್ಕೀಮಾಸ್ಪೈ ಇಡೀ ಡೇಟಾಬೇಸನ್ನು ವೆಬ್ ಪುಟಗಳಾಗಿ ಕೊಡುತ್ತದೆ. ನಮ್ಮಲ್ಲಿ ಹೇಗಿತ್ತೆಂದರೆ, ಹಿಂದಿನವರು ಸ್ಪೀಡ್ ಕಡಿಮೆ ಆಗುತ್ತದೆ ಅಂತ ಟೇಬಲ್‌ಗಳನ್ನು ಜೋಡಿಸುವ ಫಾರಿನ್ ಕೀ ಹಾಕಿರಲೇ ಇಲ್ಲ, ಹಾಗಾಗಿ ಮೊದಲ ಚಿತ್ರದಲ್ಲಿ ಟೇಬಲ್‌ಗಳೆಲ್ಲ ಜಗಳ ಆಡಿ ದೂರ ದೂರ ಕೂತವರ ಹಾಗೆ ಇದ್ದವು. ಸ್ಕೀಮಾಸ್ಪೈ ಕಾಲಂ ಹೆಸರು ನೋಡಿ ಸಂಬಂಧ ಊಹಿಸಬಲ್ಲದು, ಅದರಿಂದ ಬಚಾವಾದೆವು.

ಪ್ಲಾಂಟ್‌ಯುಎಂಎಲ್, ಮರ್ಮೇಡ್ ಅಂತಾರಲ್ಲ, ಅವೂ ಇದೇನಾ?

ಅಲ್ಲ, ಇಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅವು ಕೋಡು ಓದಲ್ಲ. ನೀವು ಬರೆದ ನಾಲ್ಕು ಸಾಲು ಓದಿ ಚಿತ್ರ ಮಾಡುತ್ತವೆ. ಪ್ಲಾಂಟ್‌ಯುಎಂಎಲ್ 2009ರದ್ದು, ಮರ್ಮೇಡ್ 2014ರದ್ದು. 2022ರಿಂದ ಗಿಟ್‌ಹಬ್ ಮರ್ಮೇಡ್ ಅನ್ನು ನೇರವಾಗಿ ತೋರಿಸುತ್ತದೆ, ಅದಕ್ಕೇ ಈಗ ಎಲ್ಲರ ಬಾಯಲ್ಲೂ ಅದೇ. ಪೈರಿವರ್ಸ್, ಕ್ಲ್ಯಾಂಗ್ ಯುಎಂಎಲ್ ಎರಡೂ ಈ ರೂಪದಲ್ಲೂ ಕೊಡುತ್ತವೆ. ನಾನು ಯಾವಾಗಲೂ ಫೋಟೋ ಬಿಟ್ಟು ಇದನ್ನೇ ತಗೊಳ್ಳುತ್ತೇನೆ, ಯಾಕೆಂದರೆ ಇದು ಬರೀ ಟೆಕ್ಸ್ಟ್. ಬೇಡದ ಸಾಲು ಅಳಿಸಬಹುದು, ಗಿಟ್‌ನಲ್ಲಿ ಇಡಬಹುದು, ಏನು ಬದಲಾಯಿತು ಅಂತ ಡಿಫ್ ನೋಡಬಹುದು.

ಆನ್‌ಲೈನ್ ಸೈಟಿಗೆ ಪೇಸ್ಟ್ ಮಾಡಿದರೆ ನಡೆಯುತ್ತಾ?

ಆಫೀಸ್ ಕೋಡಾದರೆ ಬೇಡ. ಪ್ಲಾಂಟ್‌ಯುಎಂಎಲ್‌ನ ಪಬ್ಲಿಕ್ ಸರ್ವರ್‌ನಲ್ಲಿ ನಿಮ್ಮ ಪೂರ್ತಿ ಡಯಾಗ್ರಾಮ್ ಆ ಲಿಂಕಿನ ಒಳಗೇ ಇರುತ್ತದೆ. ಉದ್ದಕ್ಕೆ ಅಡ್ಡಾದಿಡ್ಡಿ ಅಕ್ಷರ ಕಾಣಿಸುತ್ತದಲ್ಲ, ಅದು ಬೀಗ ಹಾಕಿದ್ದಲ್ಲ, ಒತ್ತಿ ಚಿಕ್ಕದು ಮಾಡಿದ್ದು, ಯಾರು ಬೇಕಾದರೂ ಬಿಚ್ಚಬಹುದು. ಪ್ಲಾಂಟ್‌ಯುಎಂಎಲ್, ಮರ್ಮೇಡ್ ಎರಡೂ ಉಚಿತ, ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ.

ಎಐಗೆ ಹೇಳಿದರೆ ಬರೆದುಕೊಡುತ್ತದಲ್ಲ, ಟೂಲ್ ಯಾಕೆ?

ಕೊಡುತ್ತದೆ, ನೋಡಲು ಟೂಲ್‌ಗಿಂತ ಚೆನ್ನಾಗಿಯೂ ಇರುತ್ತದೆ, ಏನು ಬಿಡಬೇಕು ಅನ್ನುವ ಅಂದಾಜು ಅದಕ್ಕೆ ಸ್ವಲ್ಪ ಇದೆ. ತೊಂದರೆ ಏನೆಂದರೆ ಇಲ್ಲದ ಬಾಣವನ್ನೂ ಅಷ್ಟೇ ಧೈರ್ಯವಾಗಿ ಎಳೆಯುತ್ತದೆ. ಹೋದ ವರ್ಷ ಒಬ್ಬ ಹುಡುಗ ತಂದ ಚಿತ್ರದಲ್ಲಿ ಪೇಮೆಂಟ್ ಪಕ್ಕ ನೋಟಿಫಿಕೇಷನ್ ಮ್ಯಾನೇಜರ್ ಅನ್ನುವ ಕ್ಲಾಸಿತ್ತು. ನಮ್ಮ ಕೋಡಿನಲ್ಲಿ ಅಂಥ ಕ್ಲಾಸೇ ಇಲ್ಲ. ಇರಬೇಕಿತ್ತು, ಅದು ಬೇರೆ ಮಾತು. ನಾನು ಮಾಡುವುದು: ಜೆಡೆಪ್ಸ್ ಅಥವಾ ಪೈರಿವರ್ಸ್ ಕೊಟ್ಟ ಪಟ್ಟಿಯನ್ನು ಎಐ ಕೈಗೆ ಕೊಟ್ಟು, ಇದರಲ್ಲಿರುವ ಬಾಣ ಮಾತ್ರ ಬಳಸಿ ಗುಂಪು ಮಾಡಿ ಚಿಕ್ಕದು ಮಾಡು ಅನ್ನುವುದು. ಆಮೇಲೂ ನಾಲ್ಕು ಬಾಣ ಕೋಡಿನಲ್ಲಿ ಹುಡುಕಿ ನೋಡುತ್ತೇನೆ.

ದುಡ್ಡು ಕೊಟ್ಟು ತಗೊಳ್ಳುವ ಟೂಲ್ ಬೇಕಾ?

ಕೋಡು ಸಣ್ಣದಾದರೆ ಬೇಡ. ಲಕ್ಷಗಟ್ಟಲೆ ಸಾಲಿನ ಸಿ ಕೋಡು ಕೈಗೆ ಬಂದರೆ ಸೈಟೂಲ್ಸ್‌ನವರ ಅಂಡರ್‌ಸ್ಟ್ಯಾಂಡ್ ಟ್ರಯಲ್ ತಗೊಂಡು ನೋಡಿ. ಎಂಟರ್‌ಪ್ರೈಸ್ ಆರ್ಕಿಟೆಕ್ಟ್, ವಿಷುವಲ್ ಪ್ಯಾರಡೈಮ್ ಕೋಡಿನಿಂದ ಚಿತ್ರವನ್ನೂ ಚಿತ್ರದಿಂದ ಕೋಡನ್ನೂ ಮಾಡುತ್ತವೆ. ಎರಡನ್ನೂ ಸದಾ ಹೊಂದಿಸಿ ಇಡುತ್ತೇವೆ ಅಂತ ಶುರು ಮಾಡಿದ ಟೀಮ್‌ಗಳಲ್ಲಿ ಆರು ತಿಂಗಳು ತಡೆದಿದ್ದನ್ನು ನಾನಂತೂ ನೋಡಿಲ್ಲ.

ಚಿತ್ರ ಹಳೆಯದಾಗದ ಹಾಗೆ ಇಟ್ಟುಕೊಳ್ಳುವುದು ಹೇಗೆ?

ಕ್ಲಾಸ್ ಮಟ್ಟದ್ದನ್ನು ಇಟ್ಟುಕೊಳ್ಳಲೇಬೇಡಿ. ಬೇಕಾದಾಗ ತೆಗೆದು, ನೋಡಿ, ಎಸೆಯಿರಿ. ಸಿಸ್ಟಂ ಅನ್ನು ನಾಲ್ಕು ಮಟ್ಟದ ಚಿತ್ರಗಳಲ್ಲಿ ತೋರಿಸುವ ಸಿ4 ಮಾಡೆಲ್ ಕೊಟ್ಟ ಸೈಮನ್ ಬ್ರೌನ್ ಕೂಡ ನಾಲ್ಕನೇ ಮಟ್ಟವಾದ ಕೋಡ್ ಚಿತ್ರವನ್ನು ಕೈಯಲ್ಲಿ ಬರೆಯಬೇಡಿ, ಬೇಕಾದಾಗ ಟೂಲ್‌ನಿಂದ ತೆಗೆಯಿರಿ ಅನ್ನುತ್ತಾರೆ. ಮೇಲಿನ ಮಟ್ಟದ್ದು, ಅಂದರೆ ಯಾವ ಸರ್ವಿಸ್ ಯಾವುದರ ಜೊತೆ ಮಾತಾಡುತ್ತದೆ ಅನ್ನುವುದನ್ನು ಕೈಯಲ್ಲೇ ಬರೆದಿಡಿ, ಅದು ಬೇಗ ಬದಲಾಗಲ್ಲ.

ಇದಕ್ಕಿಂತ ನನಗೆ ಇಷ್ಟವಾದದ್ದು ಉಲ್ಟಾ ದಾರಿ. ಜಾವಾದಲ್ಲಿ ಆರ್ಕ್‌ಯುನಿಟ್ ಇದೆ. ನೀವು ಪ್ಲಾಂಟ್‌ಯುಎಂಎಲ್‌ನಲ್ಲಿ ಬರೆದ ಕಾಂಪೊನೆಂಟ್ ಚಿತ್ರವನ್ನು ಅದಕ್ಕೆ ಕೊಟ್ಟರೆ, ಕೋಡು ಆ ಚಿತ್ರವನ್ನು ಮೀರಿದಾಗ ಟೆಸ್ಟ್ ಫೇಲ್ ಮಾಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಡಿಪೆಂಡೆನ್ಸಿ ಕ್ರೂಸರ್‌ಗೆ ರೂಲ್ ಬರೆಯಬಹುದು. ನಾವು ಇದನ್ನು ಸಿಐನಲ್ಲಿ, ಅಂದರೆ ಕೋಡು ಸೇರಿಸಿದಾಗಲೆಲ್ಲ ತಾನೇ ಬಿಲ್ಡ್, ಟೆಸ್ಟ್ ಓಡುವ ಕಡೆ, ಹಾಕಿದ ಮೊದಲ ವಾರ ಎಲ್ಲರೂ ನನಗೆ ಶಾಪ ಹಾಕಿದರು, ಬಿಲ್ಡ್ ಕೆಂಪು ಬಿಟ್ಟು ಬೇರೆ ಬಣ್ಣ ನೋಡಲಿಲ್ಲ.

ಆಡಿಟ್ ಇದೆ, ಸೋಮವಾರದೊಳಗೆ ಡಿಸೈನ್ ಡಾಕ್ಯುಮೆಂಟ್ ಬೇಕಂತೆ. ಏನು ಮಾಡಲಿ?

ಡಾಕ್ಸಿಜನ್ ಓಡಿಸಿ ನೂರಾರು ಪುಟದ ಪಿಡಿಎಫ್ ಕೊಟ್ಟು ಕೈ ತೊಳೆದುಕೊಳ್ಳುವ ಆಸೆ ಆಗುತ್ತದೆ. ನಾನೂ ಕೊಟ್ಟಿದ್ದೇನೆ. ಆಡಿಟರ್ ಮೂರನೇ ಪುಟ ತೆಗೆದು "ಇದೇನು?" ಅಂದಾಗ ನನಗೂ ಗೊತ್ತಿರಲಿಲ್ಲ. ಕೈಯಲ್ಲಿ ಬರೆದ ಒಂದು ಮೇಲ್ಮಟ್ಟದ ಚಿತ್ರ, ಒಂದು ಇಆರ್ ಡಯಾಗ್ರಾಮ್, ಮುಖ್ಯವಾದ ಎರಡು ಮೂರು ಸೀಕ್ವೆನ್ಸ್, ಪ್ರತಿಯೊಂದರ ಕೆಳಗೆ ನಾಲ್ಕು ಸಾಲು. ಶನಿವಾರ ಒಂದೇ ದಿನದ ಕೆಲಸ.

ಡಯಾಗ್ರಾಮ್‌ನಲ್ಲಿ ಕನ್ನಡ ಅಕ್ಷರ ಬರುತ್ತಾ?

ಇದನ್ನು ಕೇಳಿದವರು ಇಬ್ಬರೇ, ಆದರೂ ಹಾಕುತ್ತಿದ್ದೇನೆ, ಖುಷಿಯ ಪ್ರಶ್ನೆ. ಬರುತ್ತದೆ. ಮರ್ಮೇಡ್ ಬ್ರೌಸರ್‌ನಲ್ಲೇ ಚಿತ್ರ ಮಾಡುವುದರಿಂದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಗ್ರಾಫ್‌ವಿಜ್‌ನಲ್ಲಿ ಫೈಲ್ ಯುಟಿಎಫ್ 8ರಲ್ಲಿರಲಿ, ಫಾಂಟ್ ಹೆಸರು ನೀವೇ ಹೇಳಿ, ನೋಟೋ ಸಾನ್ಸ್ ಕನ್ನಡ ಆದೀತು. ಇಲ್ಲದಿದ್ದರೆ ಕೆಲವು ಮೆಷಿನ್‌ನಲ್ಲಿ ಬರೀ ಚೌಕ ಕಾಣಿಸುತ್ತದೆ. ಎಸ್‌ವಿಜಿ ತಗೊಂಡರೆ ಇನ್ನೊಂದು ಕಿರಿಕಿರಿ: ನೋಡುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರ ಬಾಕ್ಸಿನಿಂದ ಹೊರಗೆ ಇಣುಕುತ್ತದೆ. ಬೇರೆಯವರಿಗೆ ಕಳಿಸುವುದಾದರೆ ಪಿಎನ್‌ಜಿ ಮಾಡಿ ಕಳಿಸಿ. ನಮ್ಮ ಟೀಮಿನ ಆನ್‌ಬೋರ್ಡಿಂಗ್ ಪುಟದ ಮೊದಲ ಚಿತ್ರದಲ್ಲಿ ಬಾಕ್ಸ್‌ಗಳ ಹೆಸರು ಈಗ ಕನ್ನಡದಲ್ಲಿದೆ: ಬಿಲ್ಲು, ಟೋಕನ್ನು, ಕೌಂಟರು. ಕನ್ನಡ ಓದಲು ಬಾರದ ಇಬ್ಬರು ಟೀಮಿನಲ್ಲಿದ್ದಾರೆ, ಅವರು ಬಾಣ ನೋಡಿಕೊಂಡೇ ಅಕ್ಷರ ಕಲಿಯುತ್ತಿದ್ದಾರೆ.